ಸೌತೆ ಉಪ್ಪಿನಕಾಯಿ ಎಲ್ಲಿ ಕೆಟ್ಟಿತು? ಭರಣಿಯಿಂದ ಬಳ್ಳಿಯವರೆಗೆ ಹುಡುಕುವ ದಾರಿ

ಹಿತ್ತಲಲ್ಲಿ ಬೆಳೆದ ಮುಳ್ಳುಸೌತೆಯನ್ನು ಆಸೆಯಿಂದ ಉಪ್ಪುನೀರಿಗೆ ಹಾಕಿರುತ್ತೀರಿ. ಹತ್ತು ದಿನ ಬಿಟ್ಟು ಮುಚ್ಚಳ ತೆಗೆದರೆ ಕಾಯಿ ಮೆತ್ತಗೆ. ಹಿಡಿದರೆ ಹೆಬ್ಬೆರಳು ಒಳಗೇ ಹೋಗುತ್ತದೆ. ಇಲ್ಲವೇ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ. ಇಲ್ಲವೇ ಕಾಯಿ ನೋಡಲು ಚೆನ್ನಾಗಿಯೇ ಇದೆ, ಬಾಯಿಗಿಟ್ಟರೆ ಕಹಿ. ಆಗ ಎಲ್ಲರೂ ಮೊದಲು ಅನುಮಾನ ಪಡುವುದು ಉಪ್ಪಿನ ಮೇಲೆ. ನಾನೂ ಎರಡು ವರ್ಷ ಉಪ್ಪನ್ನೇ ಹೆಚ್ಚು ಕಡಿಮೆ ಮಾಡುತ್ತಾ ಕೂತಿದ್ದೆ. ಆಮೇಲೆ ಗೊತ್ತಾಯಿತು, ನನ್ನ ಭರಣಿಯಲ್ಲಿ ಕಂಡ ತೊಂದರೆಗಳಲ್ಲಿ ಮುಕ್ಕಾಲು ಪಾಲು ಕಾಯಿ ಭರಣಿಗೆ ಬೀಳುವ ಮೊದಲೇ ಶುರುವಾಗಿರುತ್ತಿದ್ದವು. ಬಳ್ಳಿಯಲ್ಲಿ, ಕೊಯ್ದ ಹೊತ್ತಿನಲ್ಲಿ, ಅಡುಗೆಮನೆಯ ಬುಟ್ಟಿಯಲ್ಲಿ.

ನನ್ನ ತಪ್ಪು ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಮಲೆನಾಡಿನ ಬಹಳ ಜನ ಇದೇ ತಪ್ಪು ಮಾಡುವುದನ್ನು ನೋಡಿದ್ದೇನೆ. ನನ್ನ ತವರು ಸಾಗರದ ಕಡೆ. ಅಮ್ಮ ಮಾವಿನ ಮಿಡಿ ಹಾಕುವುದನ್ನು ನೋಡುತ್ತಾ ಬೆಳೆದವಳು ನಾನು. ಈಗ ಇರುವುದು ಮೈಸೂರಿನ ಹೊರಗೆ, ಹಿತ್ತಲಲ್ಲಿ ಒಂದು ಸಣ್ಣ ಚಪ್ಪರ, ನಾಲ್ಕು ಬಳ್ಳಿ ಮುಳ್ಳುಸೌತೆ. ಮೊದಲ ವರ್ಷ ಕಾಯಿ ಬಿಟ್ಟಾಗ ಮಿಡಿಗೆ ಹಾಕಿದ ಹಾಗೇ ಒಂದು ಪದರ ಕಾಯಿ, ಒಂದು ಪದರ ಕಲ್ಲುಪ್ಪು ಹಾಕಿ ಭರಣಿ ತುಂಬಿಸಿದೆ. ನಾಲ್ಕನೇ ದಿನಕ್ಕೆ ಕಾಯಿ ಮುರುಟಿ, ಹಳೇ ಚರ್ಮದ ಹಾಗೆ ಆಗಿತ್ತು. ಬಾಯಲ್ಲಿಡಲಾಗದಷ್ಟು ಉಪ್ಪು. ಮುಂದಿನ ವರ್ಷ ಉಪ್ಪನ್ನು ಅರ್ಧಕ್ಕರ್ಧ ಇಳಿಸಿ ನೀರು ಹಾಕಿದೆ. ಆಗ ಲೋಳೆ ಬಂತು. ಮೂರು ಕೆಜಿ ಕಾಯಿ ಗೊಬ್ಬರದ ಗುಂಡಿಗೆ ಹೋಯಿತು. ಅಷ್ಟು ಕಾಯಿ ಬರಲು ಎರಡು ತಿಂಗಳು ನೀರು ಹೊತ್ತಿದ್ದೆ, ಇಡೀ ದಿನ ಮನಸ್ಸಿಗೆ ಬೇಜಾರಾಗಿತ್ತು.

ಮಾವಿನ ಮಿಡಿಗೂ ಸೌತೆಗೂ ಇರುವ ವ್ಯತ್ಯಾಸ ಒಂದೇ, ಆದರೆ ಅದೇ ದೊಡ್ಡದು. ಮಿಡಿಗೆ ತನ್ನದೇ ಹುಳಿ ಇದೆ, ಸೊನೆ ಇದೆ. ಉಪ್ಪು ಅದನ್ನು ಕಾಯುವ ಕೆಲಸಕ್ಕೆ ಸಹಾಯಕ್ಕೆ ನಿಂತರೆ ಸಾಕು. ಸೌತೆಗೆ ಹುಳಿಯೇ ಇಲ್ಲ. ನೂರರಲ್ಲಿ ಸುಮಾರು 95 ಪಾಲು ನೀರು, ಪಿಎಚ್ 5ರಿಂದ 6ರ ಮಧ್ಯೆ (ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ಹಾಗಾಗಿ ಹುಳಿ ಹೊರಗಿನಿಂದ ಬರಬೇಕು. ನಾವು ವಿನೆಗರ್ ಅಥವಾ ನಿಂಬೆರಸ ಹಾಕಬೇಕು, ಇಲ್ಲವೇ ಉಪ್ಪುನೀರಿನಲ್ಲಿ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾ ಹುಳಿ ತಯಾರಿಸುವ ತನಕ ಕಾಯಬೇಕು. ಮೊಸರು ಹುಳಿಯಾಗುವುದೂ ಇದೇ ಜಾತಿಯ ಬ್ಯಾಕ್ಟೀರಿಯಾದಿಂದ. ಆ ಹುಳಿ ಬರುವ ತನಕದ ಮೊದಲ ಮೂರ್ನಾಲ್ಕು ದಿನ ಕಾಯಿ ಗಟ್ಟಿಯಾಗಿ ನಿಲ್ಲಬೇಕು. ಆ ದಿನಗಳಲ್ಲಿ ಸೋತ ಕಾಯಿ ಆಮೇಲೆ ಏನು ಮಾಡಿದರೂ ಗಟ್ಟಿಯಾಗುವುದಿಲ್ಲ.

ಮೊದಲು ಒಂದು ಕಾಯಿ ಕೊಯ್ದು ನೋಡಿ

ಭರಣಿ ಕೆಟ್ಟಿದೆ ಅನ್ನಿಸಿದ ಕೂಡಲೇ ಉಪ್ಪು ಸುರಿಯುವುದು, ಕುದಿಸುವುದು, ವಿನೆಗರ್ ಹಾಕುವುದು ಬೇಡ. ರುಚಿ ನೋಡುವುದೂ ಬೇಡ. ಮೊದಲು ಮೂಸಿ ನೋಡಿ. ಹುಳಿಯ, ಮೊಸರಿನ ಹತ್ತಿರದ ವಾಸನೆ ಇದ್ದರೆ ಮುಂದೆ ನೋಡಬಹುದು. ಕೊಳೆತ ವಾಸನೆ, ಕೆಟ್ಟ ಮೊಟ್ಟೆಯ ವಾಸನೆ ಬಂದರೆ ಅಲ್ಲಿಗೆ ಮುಗಿಯಿತು, ಎಸೆಯಿರಿ.

ವಾಸನೆ ಸರಿ ಇದ್ದರೆ ಮೇಲಿನಿಂದ ಒಂದು ಕಾಯಿ, ತಳದಿಂದ ಒಂದು ಕಾಯಿ ತೆಗೆದು ತೊಟ್ಟಿನಿಂದ ಮೂತಿಯವರೆಗೆ ಉದ್ದಕ್ಕೆ ಸೀಳಿ. ತಟ್ಟೆಯಲ್ಲಿ ಅಕ್ಕಪಕ್ಕ ಇಡಿ. ಈಗ ನೋಡಬೇಕಾದ್ದು ಒಂದೇ ವಿಷಯ: ಮೆತ್ತಗಾಗಿದ್ದು ಎಲ್ಲಿಂದ ಶುರುವಾಗಿದೆ? ಮೂತಿಯಿಂದಲೋ, ಬೀಜದ ಜಾಗದಿಂದಲೋ, ಸಿಪ್ಪೆಯಿಂದಲೋ, ಎಲ್ಲ ಕಡೆ ಒಂದೇ ಸಮವೋ? ಮೇಲಿನ ಕಾಯಿ ಮಾತ್ರ ಕೆಟ್ಟಿದೆಯೋ, ತಳದ್ದೂ ಕೆಟ್ಟಿದೆಯೋ? ಕಾರಣದ ಅರ್ಧ ಇಲ್ಲೇ ಸಿಗುತ್ತದೆ.

ಮೂತಿಯಿಂದ ಮೆತ್ತಗಾಗಿದ್ದರೆ

ನನ್ನ ಮನೆಯಲ್ಲಿ ಅತಿ ಹೆಚ್ಚು ಸಲ ಆದದ್ದು ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸೌತೆಗೆ ಎರಡು ತುದಿ. ಒಂದು ತೊಟ್ಟು, ಬಳ್ಳಿಗೆ ಅಂಟಿಕೊಂಡಿದ್ದ ಕಡೆ. ಇನ್ನೊಂದು ಮೂತಿ, ಹೂವಿದ್ದ ಕಡೆ. ಎಳೆ ಕಾಯನ್ನು ಕೊಯ್ದು ಅಂಗೈಯಲ್ಲಿಟ್ಟು ನೋಡಿ. ಮೂತಿಯಲ್ಲಿ ಬಾಡಿದ ಹಳದಿ ಹೂ ಇನ್ನೂ ಅಂಟಿಕೊಂಡಿರುತ್ತದೆ, ಒದ್ದೆ ಕಾಗದದ ಚೂರಿನ ಹಾಗೆ. ಉಗುರಿನಿಂದ ಕಿತ್ತರೆ ಕೆಳಗೆ ಕಂದು ಬಣ್ಣದ ಒಂದು ಪುಟ್ಟ ಚುಕ್ಕೆ ಉಳಿಯುತ್ತದೆ. ಕಾಯನ್ನು ಕರಗಿಸುವ ಕಿಣ್ವಗಳು ಇರುವುದು ಅಲ್ಲೇ. ಬಾಡಿದ ಹೂವಿನ ಮೇಲೆ ಬೆಳೆಯುವ ಶಿಲೀಂಧ್ರಗಳೂ ಅಂಥ ಕಿಣ್ವಗಳನ್ನು ಬಿಡುತ್ತವೆ. ಕಾಯಿಯ ಗೋಡೆಯನ್ನು ಗಟ್ಟಿ ಹಿಡಿದಿರುವುದು ಪೆಕ್ಟಿನ್. ಈ ಕಿಣ್ವಗಳು ಅದನ್ನೇ ತುಂಡು ತುಂಡು ಮಾಡುತ್ತವೆ. ಉಪ್ಪುನೀರಿಗೆ ಬಿದ್ದ ಮೇಲೂ ಸುಮ್ನೆ ಇರುವುದಿಲ್ಲ. ಮೂತಿಯಿಂದ ಒಳಗೆ ಸಾಗುತ್ತವೆ, ನೀರಿಗೆ ಇಳಿದು ಪಕ್ಕದ ಕಾಯಿಗೂ ಹೋಗುತ್ತವೆ. ಹೂವಿನ ಚೂರುಗಳು ನಾಲ್ಕೈದು ಉಳಿದರೂ ಇಡೀ ಭರಣಿ ಹಾಳಾಗಬಹುದು.

ಪರಿಹಾರ ಬಹಳ ಸುಲಭ. ತೊಳೆಯುವಾಗ ಹೂವನ್ನು ಕಿತ್ತು ಹಾಕಿ, ಮೂತಿಯ ಕಡೆಯಿಂದ ಎರಡು ಮಿಲಿಮೀಟರಿನಷ್ಟು, ಅಂದರೆ ಒಂದು ರೂಪಾಯಿ ನಾಣ್ಯದ ದಪ್ಪಕ್ಕಿಂತ ತುಸು ಜಾಸ್ತಿ ಕತ್ತರಿಸಿ ಎಸೆಯಿರಿ. ತೊಟ್ಟಿನ ಕಡೆ ಅರ್ಧ ಸೆಂಟಿಮೀಟರ್ ಕಾಂಡ ಹಾಗೇ ಇರಲಿ. ಎರಡು ತುದಿಯನ್ನು ಅದಲುಬದಲು ಮಾಡಿಕೊಂಡರೆ ಉಪಯೋಗವಿಲ್ಲ. ನನ್ನ ಮಗಳು ಒಮ್ಮೆ ಸಹಾಯಕ್ಕೆ ಕೂತು ಇಡೀ ಬುಟ್ಟಿಗೆ ತೊಟ್ಟು ಮಾತ್ರ ಕತ್ತರಿಸಿದ್ದಳು, ಆ ಭರಣಿ ಹನ್ನೆರಡನೇ ದಿನಕ್ಕೆ ಮೂತಿಯಿಂದಲೇ ಮೆತ್ತಗಾಗಲು ಶುರುವಾಗಿತ್ತು. ಗುರುತು ಸಿಗದಿದ್ದರೆ ಕಾಯಿಯ ಎರಡೂ ಕಡೆ ಸವರಿ ನೋಡಿ, ಮೂತಿಯ ಕಡೆ ನುಣುಪು, ಮಧ್ಯದಲ್ಲಿ ಚುಕ್ಕೆ ಇರುತ್ತದೆ.

ಗರಿಗರಿಯಾಗಲಿ ಅಂತ ದ್ರಾಕ್ಷಿ ಎಲೆ ಹಾಕುವವರು ಇದ್ದಾರೆ. ಅದರಲ್ಲಿರುವ ಒಗರಿನ ಅಂಶ ಈ ಕಿಣ್ವಗಳನ್ನು ತಡೆಯುತ್ತದೆ, ನಿಜ. ಆದರೆ ಮೂತಿ ಕತ್ತರಿಸಿದ್ದರೆ ಎಲೆಯ ಅಗತ್ಯವೇ ಬೀಳುವುದಿಲ್ಲ. ಹಾಕುವುದಿದ್ದರೆ ಮನೆ ಬಳ್ಳಿಯ ಎಲೆ ಹಾಕಿ, ತೋಟದಿಂದ ತಂದದ್ದು ಬೇಡ, ದ್ರಾಕ್ಷಿಗೆ ಔಷಧ ಹೊಡೆಯುವುದು ಜಾಸ್ತಿ.

ಎಲ್ಲ ಕಡೆ ಒಂದೇ ಸಮ ಮೆತ್ತಗೆ, ಮುಟ್ಟಿದರೆ ಲೋಳೆ

ಇದು ಉಪ್ಪು ಮತ್ತು ಸೆಖೆಯ ವಿಷಯ. ಮೇಲಿನ ಕಾಯಿ ಮಾತ್ರ ಲೋಳೆಯಾಗಿ ತಳದ್ದು ಗಟ್ಟಿ ಇದ್ದರೆ ಕಾಯಿ ನೀರಿನಿಂದ ಮೇಲೆ ತೇಲಿತ್ತು ಅಂತ ಅರ್ಥ. ಎರಡೂ ಲೋಳೆಯಾಗಿದ್ದರೆ ಉಪ್ಪು ಸಾಲದು, ಅಥವಾ ಭರಣಿ ಇಟ್ಟ ಜಾಗ ಬಿಸಿ.

ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ. ಒಂದು ಚಮಚ ಪುಡಿ ಉಪ್ಪಿನ ತೂಕವೂ ಒಂದು ಚಮಚ ಕಲ್ಲುಪ್ಪಿನ ತೂಕವೂ ಒಂದೇ ಅಲ್ಲ, ಹರಳಿನ ನಡುವೆ ಗಾಳಿ ಇರುತ್ತದೆ ಅಲ್ವಾ. ತಕ್ಕಡಿಯಲ್ಲಿ ತೂಗಿ. ಒಂದು ಲೀಟರ್ ನೀರಿಗೆ 50ರಿಂದ 60 ಗ್ರಾಂ. ಇದಕ್ಕಿಂತ ಬಹಳ ಕಡಿಮೆಯಾದರೆ ಕೆಡಿಸುವ ಸೂಕ್ಷ್ಮಜೀವಿಗಳು ಮೊದಲು ಎದ್ದು ಕೂರುತ್ತವೆ. ಬಹಳ ಜಾಸ್ತಿಯಾದರೆ ಹುಳಿ ಮಾಡುವ ಬ್ಯಾಕ್ಟೀರಿಯಾಕ್ಕೂ ಕಷ್ಟ, ಕಾಯಿಯೂ ಮುರುಟುತ್ತದೆ.

ಇನ್ನು ಸೆಖೆ. 21ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೂರರಿಂದ ನಾಲ್ಕು ವಾರದಲ್ಲಿ ಕಾಯಿ ಪೂರ್ತಿ ಹುಳಿಯಾಗುತ್ತದೆ, ಗರಿಯೂ ಉಳಿಯುತ್ತದೆ. 27 ದಾಟಿದರೆ ಮೆತ್ತಗಾಗುವುದು ಜಾಸ್ತಿ. ನಮ್ಮ ಕಡೆ ಮಾರ್ಚಿಯಿಂದ ಮೇವರೆಗೆ ಅಡುಗೆಮನೆಯಲ್ಲಿ ಮಧ್ಯಾಹ್ನ 32, 33 ಆಗುತ್ತದೆ. ಕರಾವಳಿಯಲ್ಲಿ ರಾತ್ರಿಯೂ ಇಳಿಯುವುದಿಲ್ಲ. ಆ ತಿಂಗಳುಗಳಲ್ಲಿ ಉಪ್ಪುನೀರಿನ ವಿಧಾನ ನಾನು ಮಾಡುವುದೇ ಇಲ್ಲ, ವಿನೆಗರಿನಲ್ಲಿ ಹಾಕಿ ಫ್ರಿಜ್ಜಿಗೆ ಇಡುತ್ತೇನೆ. ಮಳೆಗಾಲ ಹಿಡಿದ ಮೇಲೆ, ಅಥವಾ ಚಳಿಯಲ್ಲಿ ಭರಣಿ ಕೆಳಗಿಳಿಸುತ್ತೇನೆ. ಮಧ್ಯೆ ಸೆಖೆ ಏರಿದರೆ ಭರಣಿಗೆ ಒದ್ದೆ ಗೋಣಿ ಸುತ್ತಿ ನೆಲದ ಮೇಲೆ, ಗಾಳಿಯಾಡುವ ಮೂಲೆಯಲ್ಲಿ ಇಡಿ. ಒಲೆ ಪಕ್ಕದ ಕಟ್ಟೆ ಮತ್ತು ಫ್ರಿಜ್ಜಿನ ತಲೆ, ಈ ಎರಡು ಜಾಗ ಬೇಡವೇ ಬೇಡ.

ಲೋಳೆಯಾದದ್ದನ್ನು ತೊಳೆದು ತಿನ್ನಬಹುದಾ ಅಂತ ಕೇಳುತ್ತಾರೆ. ಬೇಡ.

ಬೀಜದ ಜಾಗ ಮಾತ್ರ ಮೆತ್ತಗೆ

ಕಾಯಿ ಬಲಿತಿತ್ತು. ಭರಣಿಯ ತಪ್ಪೇನೂ ಇಲ್ಲ. ಉಪ್ಪಿನಕಾಯಿಗೆ ಕಾಯಿ ಬೆರಳುದ್ದ ಇರುವಾಗಲೇ ಕೀಳಬೇಕು, ಐದರಿಂದ ಹತ್ತು ಸೆಂಟಿಮೀಟರ್. ಬೀಜ ಇನ್ನೂ ಕಣ್ಣಿಗೆ ಕಾಣುವಷ್ಟು ಆಗಿರಬಾರದು. ನೀರು, ಬಿಸಿಲು ಎರಡೂ ಚೆನ್ನಾಗಿರುವ ವಾರದಲ್ಲಿ ಸೌತೆ ಬೆಳೆಯುವ ವೇಗ ನೋಡಿದವರಿಗೇ ಗೊತ್ತು. ನಿನ್ನೆ ಸಂಜೆ ಕಿರುಬೆರಳಿನ ಹಾಗಿದ್ದದ್ದು ನಾಡಿದ್ದಕ್ಕೆ ಕೋಸಂಬರಿ ಕಾಯಿ ಆಗಿರುತ್ತದೆ. ಎಲೆ ಎತ್ತಿ ನೋಡದಿದ್ದರೆ ಒಂದೆರಡು ಕಾಯಿ ಯಾವಾಗಲೂ ಅಡಗಿ ಬಲಿಯುತ್ತವೆ. ಅವು ಬಳ್ಳಿಯಲ್ಲಿ ಉಳಿದಷ್ಟು ದಿನ ಬಳ್ಳಿ ಹೊಸ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ. ಉಪ್ಪಿನಕಾಯಿಗೆ ಬೇಡವಾದರೂ ಕೀಳಿ.

ನಮ್ಮ ರಾಜ್ಯದಲ್ಲಿ 1990ರ ದಶಕದ ಆರಂಭದಿಂದ ರಫ್ತಿಗೆ ಅಂತಲೇ ಮಿಡಿ ಸೌತೆ ಬೆಳೆಯುತ್ತಿದ್ದಾರೆ. ಕಂಪನಿಯೇ ಬೀಜ ಕೊಟ್ಟು, ಕಾಯಿ ಕೊಳ್ಳುವ ಒಪ್ಪಂದದ ಬೇಸಾಯ. ಆ ರೈತರು ದಿನಾ ಹೊಲಕ್ಕಿಳಿದು ಕಾಯಿ ಕೀಳುತ್ತಾರೆ. ಅಲ್ಲಿ ಬೆಲೆ ಇರುವುದು ಕೆಜಿಗೆ ಎಷ್ಟು ಕಾಯಿ ತೂಗುತ್ತದೆ ಅನ್ನುವುದರ ಮೇಲೆ. ಕಾಯಿ ಸಣ್ಣದಾದಷ್ಟೂ ಬೆಲೆ ಜಾಸ್ತಿ, ಒಂದು ದಿನ ತಡವಾದರೆ ದರ್ಜೆ ಕೆಳಗಿಳಿಯುತ್ತದೆ. ಹಿತ್ತಲಲ್ಲಿ ನಮಗೆ ಬೆಲೆಯ ಒತ್ತಡ ಇಲ್ಲ, ಆದರೆ ದಿನಾ ಬೆಳಗ್ಗೆ ಒಂದು ಸುತ್ತು ಹಾಕುವ ಅಭ್ಯಾಸ ಮಾತ್ರ ಅವರಿಂದ ಕಲಿಯಬೇಕು.

ಇನ್ನೊಂದು ಮಾತು. ಮಂಗಳೂರು ಸೌತೆ ಹಾಕಿ ಇದೇ ಉಪ್ಪಿನಕಾಯಿ ಮಾಡಲು ಹೋದವರೂ ಇದ್ದಾರೆ. ಹೆಸರಲ್ಲಿ ಸೌತೆ ಇದ್ದರೂ ಅದು ಖರ್ಬೂಜದ ಜಾತಿಗೆ ಸೇರಿದ್ದು. ಬಲಿತು ಬಣ್ಣ ಬಂದ ಮೇಲೆ ಜಂತಿಗೆ ಕಟ್ಟಿ ತಿಂಗಳುಗಟ್ಟಲೆ ಇಡುವ ಕಾಯಿ, ಅನ್ನಕ್ಕೆ ಕಲಸುವ ಹುಳಿ ಮಾಡಲು ಚೆನ್ನ. ಉಪ್ಪುನೀರಿನಲ್ಲಿ ಇಡಿಯಾಗಿ ಹಾಕುವ ಈ ಕೆಲಸಕ್ಕೆ ಅದು ಹೊಂದುವುದಿಲ್ಲ.

ಒಳಗೆ ಟೊಳ್ಳು

ಕೊಯ್ದರೆ ಮಧ್ಯೆ ಗುಹೆ ಇದೆ, ಗುಹೆಯ ತುಂಬ ಉಪ್ಪುನೀರು. ಕಚ್ಚಿದರೆ ಪಿಚಕ್ಕನೆ ಅಂಗಿಗೆ ಹಾರುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ, ಟೊಳ್ಳು ಭರಣಿಗೆ ಹೋಗುವ ಮೊದಲೇ ಇತ್ತಾ, ಆಮೇಲೆ ಆಯಿತಾ?

ಮೊದಲೇ ಇತ್ತು ಅನ್ನುವುದಾದರೆ ಮುಂದಿನ ಸಲ ಹೀಗೆ ಮಾಡಿ. ಕಾಯನ್ನೆಲ್ಲ ಒಂದು ಬಕೆಟ್ ನೀರಿಗೆ ಹಾಕಿ. ಕಾಯಿಗಳು ಮುಳುಗುತ್ತವೋ ತೇಲುತ್ತವೋ ನೋಡಿ. ಪೂರ್ತಿ ಮೇಲೆದ್ದು ತೇಲುತ್ತಾ ಉರುಳಾಡುವ ಕಾಯಿ ಟೊಳ್ಳು ಇರುವ ಸಂಭವ ಜಾಸ್ತಿ. ಅವನ್ನು ತೆಗೆದು ಪಲ್ಯಕ್ಕೋ ಕೋಸಂಬರಿಗೋ ಇಟ್ಟುಕೊಳ್ಳಿ. ಟೊಳ್ಳಾಗಲು ಕಾರಣ ಹಲವು. ಎರಡು ದಿನ ನೀರಿಲ್ಲದೆ ಬಾಡಿ ಮೂರನೇ ದಿನ ತುಂಬ ನೀರು ಕುಡಿದ ಬಳ್ಳಿಯ ಕಾಯಿ ಟೊಳ್ಳಾಗುತ್ತದೆ. ಪರಾಗ ಸರಿಯಾಗಿ ಸೇರದ ಕಾಯಿಯೂ ಆಗುತ್ತದೆ, ಅಂಥದ್ದು ಹೊರಗಿನಿಂದಲೇ ಸೊಟ್ಟಗೆ ಅಥವಾ ಒಂದು ಕಡೆ ಊದಿಕೊಂಡ ಹಾಗೆ ಕಾಣುತ್ತದೆ. ಆದರೆ ಮನೆಗಳಲ್ಲಿ ಮುಖ್ಯ ಕಾರಣ ಬೇರೆ: ಒಂದು ಭರಣಿಗೆ ಆಗುವಷ್ಟು ಸೇರಲಿ ಅಂತ ನಾಲ್ಕು ದಿನದ ಕಾಯನ್ನು ಬುಟ್ಟಿಯಲ್ಲಿ ಕೂಡಿಡುವುದು. ಕಿತ್ತ ಮೇಲೂ ಕಾಯಿ ಉಸಿರಾಡುತ್ತದೆ, ನೀರು ಕಳೆದುಕೊಳ್ಳುತ್ತದೆ, ಒಳಗೆ ಕುಗ್ಗುತ್ತದೆ.

ಬೆಳಗ್ಗೆ ಬಿಸಿಲೇರುವ ಮೊದಲು ಕಿತ್ತು ಆ ದಿನವೇ ಉಪ್ಪುನೀರಿಗೆ ಹಾಕುವುದು ಅತ್ಯುತ್ತಮ, 24 ಗಂಟೆ ದಾಟಿಸಬೇಡಿ. ಎರಡು ಬಳ್ಳಿಯಿಂದ ದಿನಕ್ಕೆ ಆರೇಳು ಕಾಯಿ ಬಂದರೂ ಚಿಂತೆಯಿಲ್ಲ, ಸಣ್ಣ ಸಣ್ಣ ಗಾಜಿನ ಬಾಟಲಿಯಲ್ಲಿ ದಿನಕ್ಕೊಂದು ಹಾಕಿ. ಹತ್ತು ಲೀಟರಿನ ಭರಣಿಯೇ ತುಂಬಬೇಕು ಅನ್ನುವ ಹಟ ಬಿಟ್ಟ ದಿನದಿಂದ ನನ್ನ ಟೊಳ್ಳಿನ ತೊಂದರೆ ಬಹುಪಾಲು ನಿಂತಿತು. ಸಂಜೆಯವರೆಗೆ ಕೈ ಬಿಡುವಾಗದಿದ್ದರೆ ಕಾಯನ್ನು ಒಂದೆರಡು ಗಂಟೆ ಐಸ್ ನೀರಿನಲ್ಲಿ ಮುಳುಗಿಸಿಡಿ, ಬಿಗಿ ಉಳಿಯುತ್ತದೆ.

ಭರಣಿಯೊಳಗೇ ಟೊಳ್ಳಾದದ್ದು ಅನಿಲದಿಂದ. ಹುಳಿಯಾಗುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಕಾಯಿಯೊಳಗೆ ಸಿಕ್ಕಿಕೊಂಡು ಊದಿಸುತ್ತದೆ. ದಪ್ಪ ಕಾಯಿಗೆ, ಸೆಖೆಯ ದಿನಗಳಲ್ಲಿ ಇದು ಜಾಸ್ತಿ. ದಪ್ಪ ಕಾಯಿ ಹಾಕಲೇಬೇಕಾದರೆ ತೊಳೆದ ಸೂಜಿಯಿಂದ ಮೂರ್ನಾಲ್ಕು ಕಡೆ ಚುಚ್ಚಿ ಹಾಕಿ. ವಾಸನೆ, ಬಣ್ಣ, ಗಟ್ಟಿತನ ಸರಿ ಇದ್ದರೆ ಟೊಳ್ಳು ಕಾಯಿ ತಿನ್ನಲು ತೊಂದರೆಯಿಲ್ಲ, ಹೆಚ್ಚಿ ಮೊಸರಿಗೆ ಹಾಕಿಕೊಳ್ಳಿ.

ಮುರುಟಿದ್ದರೆ

ಉಪ್ಪು, ಸಕ್ಕರೆ ಅಥವಾ ವಿನೆಗರ್ ಶುರುವಿನಲ್ಲೇ ತುಂಬ ಗಾಢವಾಯಿತು, ಕಾಯಿಯೊಳಗಿನ ನೀರನ್ನು ಒಂದೇ ಸಲಕ್ಕೆ ಎಳೆದುಕೊಂಡಿತು. ನನ್ನ ಮೊದಲ ವರ್ಷದ ಕಥೆ ಇದೇ. ಹಳೇ ಕಾಯಿ, ಬಾಡಿದ ಕಾಯಿಯೂ ಮುರುಟುತ್ತದೆ.

ಕಹಿ

ಕಹಿಗೆ ಭರಣಿಯಲ್ಲಿ ಔಷಧಿ ಇಲ್ಲ. ಕಾಯಿ ಬಳ್ಳಿಯಲ್ಲೇ ಕಹಿಯಾಗಿತ್ತು. ಆ ಕಹಿಯ ಹೆಸರು ಕುಕುರ್ಬಿಟಾಸಿನ್. ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ ಹೆಚ್ಚು. ಕೆಲವು ಬೀಜದ ಗುಣವೇ ಅಂಥದ್ದು. ಅದರ ಮೇಲೆ ಬಿಸಿಲು ಏರಿ ನೀರು ಸಾಲದಿದ್ದರೆ ಇನ್ನೂ ಜಾಸ್ತಿಯಾಗುತ್ತದೆ.

ತೊಟ್ಟು ಕತ್ತರಿಸಿ ಅದೇ ತುಂಡಿನಿಂದ ಉಜ್ಜಿ ನೊರೆ ಬರಿಸಿ ಕಹಿ ತೆಗೆಯುವುದನ್ನು ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ. ನಾನೂ ಮಾಡುತ್ತೇನೆ, ಕೈ ಕೇಳುವುದಿಲ್ಲ. ಆದರೆ ಕಹಿ ಕಡಿಮೆಯಾಗುವುದು ಮುಖ್ಯವಾಗಿ ತೊಟ್ಟಿನ ಕಡೆಯ ಆ ಭಾಗ ಕತ್ತರಿಸಿ ಹೋದದ್ದರಿಂದ. ಇಡೀ ಕಾಯಿ ಕಹಿ ಇದ್ದರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹಾಗಾಗಿ ಪ್ರತಿ ಕೊಯ್ಲಿನಲ್ಲೂ ಪ್ರತಿ ಬಳ್ಳಿಯಿಂದ ಒಂದು ಕಾಯಿಯ ತೊಟ್ಟಿನ ಬಳಿಯ ಬಿಲ್ಲೆ ನಾಲಿಗೆಯ ತುದಿಗೆ ಇಟ್ಟು ನೋಡಿ. ಸ್ವಲ್ಪ ಕಹಿಯಾದರೆ ಆ ಬಳ್ಳಿಯ ಕಾಯನ್ನು ಬೇರೆ ಇಡಿ. ನಾಲಿಗೆ ಹಿಂದೆಳೆಯುವಷ್ಟು ಘಾಟು ಕಹಿ ಇದ್ದರೆ ಉಗುಳಿ, ಆ ಕಾಯಿ ಎಸೆಯಿರಿ. ಹೊಟ್ಟೆನೋವು, ವಾಂತಿ ಬರಿಸುತ್ತದೆ.

ಮುಂದಿನ ಬೆಳೆಗೆ ಬಳ್ಳಿಯ ಬುಡಕ್ಕೆ ಒಣ ಎಲೆ ಅಥವಾ ತೆಂಗಿನ ನಾರು ಹೊದಿಸಿ, ನೀರು ಒಂದೇ ಹದದಲ್ಲಿ ಕೊಡಿ. ಟೊಳ್ಳಿಗೂ ಕಹಿಗೂ ಇದೊಂದೇ ಮದ್ದು ಕೆಲಸ ಮಾಡುತ್ತದೆ.

ಬಿಳಿ ಪೊರೆ, ಬೂಷ್ಟು, ಕದಡಿದ ನೀರು

ನೀರಿನ ಮೇಲೆ ತೆಳುವಾಗಿ, ಹಾಲಿನ ಕೆನೆಯ ಹಾಗೆ ಸುಕ್ಕುಸುಕ್ಕಾಗಿ ಬಿಳಿ ಪೊರೆ ಬಂದರೆ ಅದು ಗಾಳಿ ಸಿಕ್ಕ ಯೀಸ್ಟ್. ಹೆದರುವಂಥದ್ದಲ್ಲ, ಆದರೆ ಬಿಡಬಾರದು. ಅದು ಹುಳಿಯನ್ನು ತಿಂದು ಮುಗಿಸುತ್ತದೆ, ಹುಳಿ ಇಳಿದ ನೀರಿನಲ್ಲಿ ಬೇರೆ ಕೆಟ್ಟವು ಬೆಳೆಯುತ್ತವೆ. ಕಂಡ ದಿನವೇ ಚಮಚದಿಂದ ತೆಗೆಯಿರಿ. ಹಸಿರು, ಕಪ್ಪು, ಗುಲಾಬಿ ಬಣ್ಣದ, ಹತ್ತಿಯ ಹಾಗೆ ಎದ್ದು ನಿಂತ ಬೂಷ್ಟು ಬೇರೆ. ಅದು ಬಂದರೆ ನಾನು ಇಡೀ ಭರಣಿ ಎಸೆಯುತ್ತೇನೆ.

ಎರಡಕ್ಕೂ ಮೂಲ ಒಂದೇ, ಕಾಯಿ ಮೇಲೆ ತೇಲುತ್ತಿದೆ. ಕಾಯಿಯ ಮೇಲೆ ಸಣ್ಣ ತಟ್ಟೆ, ಅದರ ಮೇಲೆ ಭಾರ ಇಡಿ. ಹೊಳೆಕಲ್ಲು ಕುದಿಸಿ ಇಡಬಹುದು. ಸುಣ್ಣಕಲ್ಲು ಮಾತ್ರ ಬೇಡ, ಹುಳಿಗೆ ಕರಗಿ ಹುಳಿಯನ್ನೇ ಕೊಲ್ಲುತ್ತದೆ. ಕಲ್ಲು ಯಾವುದು ಅಂತ ಗೊತ್ತಾಗದಿದ್ದರೆ ಒಂದು ತೊಟ್ಟು ವಿನೆಗರ್ ಬಿಡಿ, ನೊರೆ ಎದ್ದರೆ ಬೇಡ. ಅದೇ ಉಪ್ಪುನೀರು ತುಂಬಿ ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲವೂ ಆಗುತ್ತದೆ, ಒಡೆದರೂ ನೀರು ತೆಳುವಾಗುವುದಿಲ್ಲ.

ನೀರು ಕದಡಿದ್ದು ಕಂಡು ಎಸೆದವರು ಬಹಳ. ಉಪ್ಪುನೀರಿನಲ್ಲಿ ಹುಳಿಯಾಗುವ ಕಾಯಿಯಾದರೆ ನೀರು ಕದಡಲೇಬೇಕು, ತಳದಲ್ಲಿ ಬಿಳಿ ಮಡ್ಡಿ ಕೂರಲೇಬೇಕು. ಅದು ಕೆಲಸ ನಡೆಯುತ್ತಿರುವ ಗುರುತು. ವಿನೆಗರಿನ ಬಾಟಲಿ ಕದಡಿದರೆ ಮಾತ್ರ ಅನುಮಾನ ಪಡಿ. ಪುಡಿ ಉಪ್ಪು ಗಂಟು ಕಟ್ಟದಿರಲು ಬೆರೆಸುವ ಪದಾರ್ಥದಿಂದಲೂ, ಗಡಸು ನೀರಿನಿಂದಲೂ ಕದಡಬಹುದು, ಅದು ಹಾಕಿದ ದಿನವೇ ಕಾಣುತ್ತದೆ. ವಾರ ಬಿಟ್ಟು ಕದಡಿ, ಗುಳ್ಳೆ ಏಳುತ್ತಿದ್ದರೆ ವಿನೆಗರ್ ಸಾಲದೆ ಒಳಗೆ ಏನೋ ಬೆಳೆಯುತ್ತಿದೆ. ಅದನ್ನು ಎಸೆಯಿರಿ.

ವಿನೆಗರ್ ಕೊಳ್ಳುವಾಗ ಚೀಟಿ ಓದಿ. ಉಪ್ಪಿನಕಾಯಿಯ ಲೆಕ್ಕಗಳೆಲ್ಲ ಸಾಮಾನ್ಯವಾಗಿ ಶೇ. 5ರ ಆಮ್ಲಕ್ಕೆ ಬರೆದವು, ಒಂದು ಪಾಲು ವಿನೆಗರಿಗೆ ಒಂದು ಪಾಲು ನೀರು. ನಮ್ಮ ಅಂಗಡಿಯ ಎಷ್ಟೋ ಬಾಟಲಿಗಳಲ್ಲಿ ಶೇ. 4ರ ಆಸುಪಾಸು ಇರುತ್ತದೆ. ಅದಕ್ಕೆ ಸಮ ನೀರು ಬೆರೆಸಿದರೆ ಹುಳಿ ಸಾಲದು. ನೀರು ಕಡಿಮೆ ಮಾಡಿ, ಫ್ರಿಜ್ಜಿನಲ್ಲೇ ಇಡಿ. ಗಾಳಿಯಿಲ್ಲದ ಕಡೆ ಬೆಳೆದು ವಿಷ ಮಾಡುವ ಬೊಟುಲಿಸಂ ಬ್ಯಾಕ್ಟೀರಿಯಾ ಪಿಎಚ್ 4.6ಕ್ಕಿಂತ ಕೆಳಗೆ ಬೆಳೆಯುವುದಿಲ್ಲ. ಪಿಎಚ್ ಪಟ್ಟಿ ಒಂದು ಡಬ್ಬಿ ತಂದಿಟ್ಟುಕೊಂಡರೆ ಊಹೆ ಮಾಡುವ ಕೆಲಸವೇ ಇಲ್ಲ. ನಾನು 4ಕ್ಕಿಂತ ಕೆಳಗೆ ಬಂದಿದೆಯಾ ಅಂತ ನೋಡುತ್ತೇನೆ.

ತಿನ್ನುವ ಸುಣ್ಣದ ನೀರಲ್ಲಿ ನೆನೆಸಿದರೆ ಕಾಯಿ ಗಟ್ಟಿಯಾಗುತ್ತದೆ ಅನ್ನುವ ಮಾತು ಸುಳ್ಳಲ್ಲ. ಆದರೆ ಸುಣ್ಣ ಉಳಿದರೆ ಇದೇ ಹುಳಿಯನ್ನು ತಿನ್ನುತ್ತದೆ. ಹೊಸ ನೀರಿನಲ್ಲಿ ಮೂರು ಸಲ, ಪ್ರತಿ ಸಲ ಒಂದೊಂದು ಗಂಟೆ ನೆನೆಸಿ ತೊಳೆಯುವ ತಾಳ್ಮೆ ಇಲ್ಲದಿದ್ದರೆ ಆ ದಾರಿ ಹಿಡಿಯಬೇಡಿ.

ಬಣ್ಣ

ಎಲೆ ಹಸಿರಿದ್ದ ಕಾಯಿ ಮಾಸಲು ಹಸಿರಾಗುವುದು ಸಹಜ, ಹುಳಿಗೆ ಹಸಿರು ಹಾಗೇ ತಿರುಗುತ್ತದೆ. ಕಪ್ಪಾದರೆ ನೀರು ನೋಡಿ. ಬೋರ್‌ವೆಲ್ ನೀರಲ್ಲಿ ಕಬ್ಬಿಣದ ಅಂಶವಿದ್ದರೆ ಕಾಯಿ ಕಪ್ಪಾಗುತ್ತದೆ. ಬಕೆಟ್ಟಿನ ಒಳಗೆ ಕೆಂಪು ಕಲೆ ಹಿಡಿಯುವ ನೀರಾದರೆ ಕುಡಿಯುವ ನೀರಿನ ಕ್ಯಾನ್ ತಂದು ಹಾಕಿ. ನಲ್ಲಿ ನೀರಿನ ಕ್ಲೋರಿನ್ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ಕುದಿಸಿ ಆರಿಸಿ ಬಳಸಿ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆ ಮುಟ್ಟಿಸಬೇಡಿ. ಬೆಳ್ಳುಳ್ಳಿ ನೀಲಿಯಾಯಿತು ಅಂತ ಗಾಬರಿಯಾಗಬೇಡಿ, ಹುಳಿ ತಾಗಿದರೆ ಕೆಲವು ಬೆಳ್ಳುಳ್ಳಿ ಹಾಗಾಗುತ್ತದೆ, ತಿನ್ನಬಹುದು.

ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಚುಕ್ಕೆ, ಅದರಿಂದ ಅಂಟು ಒಸರಿ ಒಣಗಿದ್ದರೆ ಅದು ಹಣ್ಣು ನೊಣ ಮೊಟ್ಟೆ ಇಟ್ಟ ಗುರುತು. ತೊಳೆಯುವಾಗಲೇ ನೋಡಿ ತೆಗೆಯಿರಿ, ಒಂದು ಕಾಯಿ ಒಳಗೆ ಹೋದರೂ ಹುಳು ಮತ್ತು ಕೊಳೆ ಜೊತೆಗೇ ಹೋಗುತ್ತವೆ. ಅಂಥ ಕಾಯನ್ನು ಬಳ್ಳಿಯ ಬುಡದಲ್ಲಿ ಬಿಸಾಡಬೇಡಿ. ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ.

ಸಾಸಿವೆ ಅರೆದು ಹಾಕಿದ್ದು ನೀರಾದರೆ

ನಮ್ಮ ಮನೆಗಳ ಖಾರದ ಸೌತೆ ಉಪ್ಪಿನಕಾಯಿ ಬೇರೆ ಲೆಕ್ಕ. ಹೆಚ್ಚಿದ ಹೋಳಿಗೆ ಉಪ್ಪು, ಸಾಸಿವೆ, ಮೆಣಸು ಅರೆದು ಕಲಸುತ್ತೇವೆ. ಮರುದಿನ ನೋಡಿದರೆ ಸಾರಿನ ಹಾಗೆ ನೀರು. ಹೋಳಿನೊಳಗಿನ ನೀರನ್ನು ಮಸಾಲೆ ಹಾಕುವ ಮೊದಲು ತೆಗೆಯಲಿಲ್ಲ, ಅಷ್ಟೇ. ಉಪ್ಪು ಬೆರೆಸಿ ಮೂರು ಗಂಟೆ ಇಡಿ. ಬಿಟ್ಟ ನೀರನ್ನು ಬಸಿದು, ಹೋಳನ್ನು ಹತ್ತಿ ಬಟ್ಟೆಯ ಮೇಲೆ ಹರಡಿ ಮೇಲ್ಮೈ ಒಣಗುವ ತನಕ ನೆರಳಲ್ಲಿ ಆರಿಸಿ. ಹೋಳು ಬಗ್ಗಿಸಿದರೆ ಮುರಿಯದೆ ಬಾಗಬೇಕು, ಅದು ಹದ. ಆಮೇಲೆ ಮಸಾಲೆ, ಧಾರಾಳವಾಗಿ ನಿಂಬೆರಸ.

ಇದನ್ನು ಎಣ್ಣೆ ತುಂಬಿಸಿ ಮಿಡಿಯ ಹಾಗೆ ವರ್ಷಗಟ್ಟಲೆ ಕಪಾಟಿನಲ್ಲಿ ಇಡಲು ಹೋಗಬೇಡಿ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಹುಳಿ ಕೊಡುವುದಿಲ್ಲ. ಹುಳಿಯಿಲ್ಲದ ತರಕಾರಿ ಎಣ್ಣೆಯ ಕೆಳಗೆ ಕೂತರೆ ಮೇಲೆ ಹೇಳಿದ ಆ ಕೆಟ್ಟ ಬ್ಯಾಕ್ಟೀರಿಯಾಕ್ಕೆ ಬೇಕಾದ ಜಾಗವೇ ಸಿಕ್ಕ ಹಾಗೆ. ಫ್ರಿಜ್ಜಿನಲ್ಲಿಟ್ಟು ಒಂದು ವಾರದಲ್ಲಿ ಮುಗಿಸಿ. ನಮ್ಮ ಮನೆಯಲ್ಲಿ ಅಷ್ಟು ದಿನ ಉಳಿಯುವುದೂ ಇಲ್ಲ.

ಕೆಟ್ಟು ಹೋದ ಭರಣಿಯನ್ನು ಖಾಲಿ ಮಾಡುವಾಗ ಕಾಯನ್ನು ಮಕ್ಕಳಿಗೆ, ದನಕ್ಕೆ, ನಾಯಿಗೆ ಸಿಗದ ಹಾಗೆ ಆಳವಾಗಿ ಹೂಳಿ. ನಾನು ಮೊದಲ ಸಲ ಮಾಡಿದ ಹಾಗೆ ಗೊಬ್ಬರದ ಗುಂಡಿಗೆ ಹಾಕಬೇಡಿ, ಉಪ್ಪು ಗೊಬ್ಬರದಲ್ಲೇ ಉಳಿಯುತ್ತದೆ. ಉಪ್ಪುನೀರನ್ನು ಬಳ್ಳಿಯ ಬುಡಕ್ಕೆ ಸುರಿಯಬೇಡಿ, ಬಚ್ಚಲಿಗೆ ಬಿಡಿ. ಭರಣಿಗೆ ಕುದಿಯುವ ನೀರನ್ನು ಒಮ್ಮೆಗೇ ಹೊಯ್ದರೆ ಸೀಳುತ್ತದೆ, ಉಗುರುಬೆಚ್ಚಗಿನದರಿಂದ ಶುರುಮಾಡಿ ಬಿಸಿ ಏರಿಸುತ್ತಾ ತೊಳೆಯಿರಿ, ಒಳಗಿನ ಮೆರುಗಿನಲ್ಲಿ ಬಿರುಕು ಕಂಡರೆ ಆ ಭರಣಿ ಮತ್ತೆ ಉಪ್ಪಿನಕಾಯಿಗೆ ಬೇಡ. ಇಲ್ಲದಿದ್ದರೆ ಎರಡು ದಿನ ಬಿಸಿಲಲ್ಲಿ ಬೋರಲು ಹಾಕಿ ಒಣಗಿಸಿ, ಅಷ್ಟರಲ್ಲಿ ಬಳ್ಳಿಯಲ್ಲಿ ಮತ್ತೆ ಆರೇಳು ಕಾಯಿ ಬಂದಿರುತ್ತವೆ.